ಕಲ್ಲು ತಟ್ಟಿದರೆ ಸಾಲ ಸಿಗುತ್ತಿತ್ತಂತೆ

ಫೇರಿ ಅಂದ ಕೂಡಲೇ ನಮ್ಮ ಮಕ್ಕಳ ಕಣ್ಣೆದುರು ಬರುವುದು ಬೆರಳುದ್ದದ ಒಂದು ಹುಡುಗಿ. ಬೆನ್ನಿಗೆ ಪಾತರಗಿತ್ತಿಯ ರೆಕ್ಕೆ, ಕೈಯಲ್ಲಿ ತುದಿಗೆ ನಕ್ಷತ್ರ ಅಂಟಿಸಿದ ಕೋಲು. ಕನ್ನಡದಲ್ಲಿ ಕಿನ್ನರಿ ಅಂತಲೋ ಯಕ್ಷಿಣಿ ಅಂತಲೋ ಹೇಳಿ ಮುಗಿಸಿಬಿಡುತ್ತೇವೆ. ಆದರೆ ಇಂಗ್ಲೆಂಡ್, ವೇಲ್ಸ್, ಸ್ಕಾಟ್‌ಲೆಂಡ್, ಐರ್ಲೆಂಡಿನ ಹಳ್ಳಿಯವರು ನೂರಾರು ವರ್ಷ ನಂಬಿಕೊಂಡು ಬಂದ ಫೇರಿಗಳೇ ಬೇರೆ. ಅವಕ್ಕೆ ರೆಕ್ಕೆ ಇರಲಿಲ್ಲ. ರೆಕ್ಕೆ ಅಂಟಿಸಿದವರು ಬಹಳ ಮಟ್ಟಿಗೆ ಕಳೆದ ಇನ್ನೂರು ಚಿಲ್ಲರೆ ವರ್ಷಗಳ ಚಿತ್ರಕಾರರು ಮತ್ತು ನಾಟಕದವರು.

ಹಳ್ಳಿಯವರ ಫೇರಿಗಳು ಅಂದರೆ ಒಂದು ಜನ. ಗುಡ್ಡದ ಒಳಗೆ, ಕೆರೆಯ ತಳದಲ್ಲಿ, ಹಳೇ ಕೋಟೆಯ ದಿಬ್ಬದ ಅಡಿಯಲ್ಲಿ ಅವರ ವಾಸ. ಅವರಿಗೂ ದನ ಕರು ಉಂಟು, ಮದುವೆ ಮುಂಜಿ ಉಂಟು, ಜಗಳ ಯುದ್ಧ ಉಂಟು. ನಮ್ಮ ಕಣ್ಣಿಗೆ ಬೀಳುವುದಿಲ್ಲ ಅಷ್ಟೇ. ಅವರ ಹೆಸರನ್ನು ನೇರವಾಗಿ ಎತ್ತುವಂತೆಯೂ ಇರಲಿಲ್ಲ. 'ಒಳ್ಳೆಯ ಜನ' ಅನ್ನಬೇಕು, 'ನೆರೆಯವರು' ಅನ್ನಬೇಕು. ನಾವು ರಾತ್ರಿ ಹೊತ್ತು ಹಾವು ಅನ್ನದೆ ಹುಳ ಅನ್ನುವುದಿಲ್ಲವೇ, ಸಿಡುಬಿಗೆ ಅಮ್ಮ ಅನ್ನುತ್ತಿರಲಿಲ್ಲವೇ, ಹಾಗೆ.

ನಾನು ಬಿಕಾಂ ಓದಿ ಬ್ಯಾಂಕಿಗೆ ಸೇರಿ, ಮುಂಬಯಿ ಸುತ್ತಮುತ್ತಲೇ ಮೂವತ್ತಕ್ಕೂ ಹೆಚ್ಚು ವರ್ಷ ಕಳೆದವನು. ಜಾನಪದ ನನ್ನ ವಿಷಯ ಅಲ್ಲ. ಆದರೆ ಈ ಕಥೆಗಳನ್ನು ಓದುತ್ತಾ ಹೋದ ಹಾಗೆ ಒಂದು ಮಾತು ಹೊಳೆಯಿತು. ಇವು ಮಾಯಾಮಂತ್ರದ ಕಥೆಗಳಿಗಿಂತ ಹೆಚ್ಚಾಗಿ ವ್ಯವಹಾರದ ಕಥೆಗಳು. ಕೊಟ್ಟದ್ದು, ಕೊಂಡದ್ದು, ವಾಯಿದೆ, ಷರತ್ತು, ಮಾತು ತಪ್ಪಿದ್ದು. ಹಾಗಾಗಿ ನನ್ನಂಥವನೂ ನಾಲ್ಕು ಮಾತು ಬರೆಯಬಹುದು ಅನ್ನಿಸಿತು.

ಮೊದಲು ಒಂದು ಕೊಪ್ಪರಿಗೆಯ ವಿಷಯ.

ಇಂಗ್ಲೆಂಡಿನ ಸರ್ರೆ ಜಿಲ್ಲೆಯಲ್ಲಿ ಫ್ರೆನ್ಶಮ್ ಅಂತ ಒಂದು ಹಳ್ಳಿ. ಅಲ್ಲಿಯ ಸೇಂಟ್ ಮೇರಿ ಚರ್ಚಿನೊಳಗೆ ತಾಮ್ರ ಬಡಿದು ಮಾಡಿದ ದೊಡ್ಡ ಕೊಪ್ಪರಿಗೆಯೊಂದಿದೆ, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ. ಬಾಯಿಯ ಅಗಲ ಸುಮಾರು 3 ಅಡಿ. ಮಗಳು ಅದೇ ಜಿಲ್ಲೆಯ ಗಿಲ್ಡ್‌ಫರ್ಡ್‌ನಲ್ಲಿ ಕೆಲಸದಲ್ಲಿದ್ದಾಳೆ. ಅವಳಲ್ಲಿಗೆ ಹೋದಾಗ ನಾನೂ ನನ್ನವಳೂ ಅದನ್ನು ನೋಡಿ ಬಂದೆವು. ನನ್ನವಳು ಒಂದು ಸುತ್ತು ಹಾಕಿ, "ಇನ್ನೂರು ಜನರ ಪಾಯಸಕ್ಕೆ ಸಾಕು" ಅಂದಳು. ಊರ ಕಡೆಯ ಮದುವೆಮನೆಯ ಅಂದಾಜು ಅವಳಿಗೆ ಇನ್ನೂ ಮರೆತಿಲ್ಲ.

ಈ ಕೊಪ್ಪರಿಗೆಯ ಕಥೆಯನ್ನು ಬರೆದಿಟ್ಟವನು ಜಾನ್ ಆಬ್ರಿ. ಹದಿನೇಳನೇ ಶತಮಾನದವನು, 1697ರಲ್ಲಿ ತೀರಿಕೊಂಡ. ಸರ್ರೆ ಜಿಲ್ಲೆಯ ಬಗ್ಗೆ ಅವನು ಬರೆದಿಟ್ಟದ್ದು ಅಚ್ಚಾದದ್ದು ಅವನು ಸತ್ತು ಇಪ್ಪತ್ತು ವರ್ಷದ ಮೇಲೆ. ಊರಿನವರು ಅವನಿಗೆ ಹೇಳಿದ್ದು ಇಷ್ಟು. ಹತ್ತಿರದ ಬರೋ ಹಿಲ್ ಎಂಬ ಗುಡ್ಡದ ಮೇಲೆ ಉದ್ದಕ್ಕೆ ಮಲಗಿದ ಒಂದು ದೊಡ್ಡ ಕಲ್ಲು. ಯಾರಿಗಾದರೂ ಜೋಡಿ ಎತ್ತು ಬೇಕು, ಹಣ ಬೇಕು ಅನ್ನಿ, ಅಲ್ಲಿಗೆ ಹೋಗಿ ಆ ಕಲ್ಲು ತಟ್ಟಬೇಕು. ಏನು ಬೇಕು, ಯಾವಾಗ ವಾಪಸು ಕೊಡುತ್ತೇನೆ, ಎರಡನ್ನೂ ಗಟ್ಟಿಯಾಗಿ ಹೇಳಬೇಕು. ಒಳಗಿಂದ ಒಂದು ದನಿ, ಇಂಥ ಹೊತ್ತಿಗೆ ಬಾ ಅನ್ನುತ್ತದೆ. ಆ ಹೊತ್ತಿಗೆ ಹೋದರೆ ಕೇಳಿದ್ದು ಕಲ್ಲಿನ ಹತ್ತಿರ ಸಿದ್ಧವಾಗಿರುತ್ತದೆ. ಒಂದು ವರ್ಷ ಇಟ್ಟುಕೊಳ್ಳಿ, ಇನ್ನೂ ಹೆಚ್ಚು ಬೇಕಾದರೂ ಇಟ್ಟುಕೊಳ್ಳಿ, ಹೇಳಿದ ಮಾತಿಗೆ ತಪ್ಪಬಾರದು ಅಷ್ಟೇ.

ನೋಡಿ, ಅರ್ಜಿ ಇಲ್ಲ, ಜಾಮೀನುದಾರ ಇಲ್ಲ, ಅಡಮಾನ ಇಲ್ಲ. ಬಡ್ಡಿಯ ಮಾತು ಆಬ್ರಿ ಎಲ್ಲೂ ಎತ್ತುವುದಿಲ್ಲ. ವಾಯಿದೆಯನ್ನು ಗೊತ್ತು ಮಾಡುವವನೂ ಸಾಲಗಾರನೇ! ಇಷ್ಟು ವರ್ಷದ ಸರ್ವೀಸಿನಲ್ಲಿ ಇಂಥ ಸ್ಕೀಮ್ ನಾನು ಕಂಡಿಲ್ಲ.

ಒಂದು ಸಲ ಯಾರೋ ಈ ಕೊಪ್ಪರಿಗೆಯನ್ನು ಎರವಲು ತಂದರು. ಹೇಳಿದ ದಿನಕ್ಕೆ ವಾಪಸು ಕೊಡಲಿಲ್ಲ. ಆಮೇಲೆ ತೆಗೆದುಕೊಂಡು ಹೋಗಿ ಕಲ್ಲಿನ ಹತ್ತಿರ ಇಟ್ಟರು. ಒಳಗಿನವರು ತೆಗೆದುಕೊಳ್ಳಲಿಲ್ಲ. ಅವತ್ತಿನಿಂದ ಆ ಊರಿನ ಯಾರಿಗೂ ಅಲ್ಲಿ ಏನೂ ಸಿಗಲಿಲ್ಲ. ಮರಳಿ ಬಂದ ಕೊಪ್ಪರಿಗೆ ಚರ್ಚು ಸೇರಿತು.

ಹಿಂದೆ ಊರೊಟ್ಟಿನ ಊಟಕ್ಕೆ ಇಂಥ ಕೊಪ್ಪರಿಗೆಗಳನ್ನು ಚರ್ಚಿನಲ್ಲಿ ಇಟ್ಟಿರುತ್ತಿದ್ದರು, ಇದೂ ಅಂಥದ್ದೇ ಎಂದು ತಿಳಿದವರು ಹೇಳುತ್ತಾರೆ. ಇರಬಹುದು. ಆದರೆ ಊರಿನವರು ಅದರ ಸುತ್ತ ಕಟ್ಟಿದ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಅಂಶ. ಸಾಲ ಮುಳುಗಲಿಲ್ಲ. ಪಾತ್ರೆ ತಡವಾಗಿಯಾದರೂ ವಾಪಸು ಹೋಯಿತು. ಲೆಕ್ಕದ ಪ್ರಕಾರ ನಷ್ಟ ಏನೂ ಇಲ್ಲ. ಆದರೂ ಬಾಗಿಲು ಮುಚ್ಚಿತು. ಅದೂ ತಪ್ಪಿದವನೊಬ್ಬನಿಗೆ ಮಾತ್ರ ಅಲ್ಲ, ಇಡೀ ಊರಿಗೆ.

ಇದನ್ನು ಓದಿದಾಗ ನನಗೆ ಹೊಸದನ್ನು ಓದಿದಂತೆ ಅನ್ನಿಸಲೇ ಇಲ್ಲ. ಯಾಕೆಂದರೆ ಶಿರಸಿ ಕಡೆಯ ನಮ್ಮಜ್ಜಿ ಇದೇ ಕಥೆ ಹೇಳುತ್ತಿದ್ದಳು. ತೋಟದ ಆಚೆ, ಬೆಟ್ಟದ ಬುಡದಲ್ಲಿ ಒಂದು ಹೊಂಡ. ಮನೆಯಲ್ಲಿ ಮದುವೆ ಇದ್ದರೆ ಹಿಂದಿನ ದಿನ ಸಂಜೆ ಅದರ ದಂಡೆಯಲ್ಲಿ ಎಲೆ ಅಡಿಕೆ ಇಟ್ಟು, ಇಂತಿಷ್ಟು ಪಾತ್ರೆ ಬೇಕು ಅಂತ ಕೈಮುಗಿದು ಬಂದರೆ, ಬೆಳಗಾಗುವಾಗ ಬಟ್ಟಲು, ತಪ್ಪಲೆ, ಸೌಟು ಎಲ್ಲ ಕಲ್ಲಿನ ಮೇಲೆ ಸಾಲಾಗಿ ಇರುತ್ತಿದ್ದವಂತೆ. ಮದುವೆ ಮುಗಿದ ಮೇಲೆ ತೊಳೆದು, ಎಣಿಸಿ, ಅಲ್ಲೇ ಇಟ್ಟು ಹಿಂದೆ ತಿರುಗಿ ನೋಡದೆ ಬರಬೇಕು. ಯಾವಳೋ ಒಬ್ಬಳು ಒಂದು ಸೌಟು ಇಟ್ಟುಕೊಂಡಳು. ಮುಗಿಯಿತು ಕಥೆ. "ಕೊಡುವವರು ಯಾರು ಅಜ್ಜಿ?" ಅಂದರೆ "ಅವರು" ಅನ್ನುತ್ತಿದ್ದಳು. ಅದಕ್ಕಿಂತ ಹೆಚ್ಚು ಹೇಳಿದವಳಲ್ಲ.

ಇದು ನಮ್ಮೂರಿನ ಸೊತ್ತು ಅಂತಲೇ ನಾನು ತಿಳಿದಿದ್ದೆ. ಮುಂಬಯಿಗೆ ಬಂದ ಮೇಲೆ ರತ್ನಾಗಿರಿ ಕಡೆಯ ಸಹೋದ್ಯೋಗಿಯೊಬ್ಬರು ತಮ್ಮೂರಿನ ಕೆರೆಯ ಬಗ್ಗೆ ಥೇಟ್ ಇದನ್ನೇ ಹೇಳಿದರು. ಅದನ್ನು ಬರೆದಿಟ್ಟವರೂ ಇದ್ದಾರೆ. ನಾಸಿಕದ ಕಲೆಕ್ಟರ್ ಜಾಕ್ಸನ್, 1909ರಲ್ಲಿ ಅನಂತ ಕಾನ್ಹೇರೆಯ ಗುಂಡಿಗೆ ಬಲಿಯಾದವನು, ನಿಮಗೆ ನೆನಪಿರಬಹುದು. ಅವನಿಗೆ ಜಾನಪದದ ಹುಚ್ಚು. ಪ್ರಶ್ನೆಗಳ ಪಟ್ಟಿ ಮಾಡಿ ಹಳ್ಳಿ ಶಾಲೆಗಳ ಮಾಸ್ತರರಿಂದ ಉತ್ತರ ತರಿಸಿಕೊಂಡಿದ್ದ. ಅವನು ಕೂಡಿಹಾಕಿದ್ದನ್ನು ಎಂಥೋವನ್ ಎಂಬ ಇನ್ನೊಬ್ಬ ಅಧಿಕಾರಿ ಕೊಂಕಣದ ಜಾನಪದ ಎಂಬ ಸಂಪುಟವಾಗಿ 1915ರಲ್ಲಿ ಹೊರತಂದ. ಬೇಡಿದವರಿಗೆ ಒಡವೆ ಪಾತ್ರೆ ಕೊಡುತ್ತಿದ್ದ ಕೆರೆಗಳ ನಂಬಿಕೆಯೂ ಅದರಲ್ಲಿ ದಾಖಲಾಗಿದೆ, ಒಬ್ಬನ ಅಪ್ರಾಮಾಣಿಕತೆಯಿಂದ ಅದು ನಿಂತುಹೋದದ್ದೂ.

ಸರ್ರೆಯ ಕಲ್ಲಿಗೂ ಶಿರಸಿಯ ಹೊಂಡಕ್ಕೂ ಯಾವ ಸಂಬಂಧ? ಒಬ್ಬರಿಂದೊಬ್ಬರಿಗೆ ಹೋದ ಕಥೆಯೇ, ಇಬ್ಬರಿಗೂ ಬೇರೆ ಬೇರೆಯಾಗಿ ಹೊಳೆದದ್ದೇ, ಅದನ್ನು ಪಂಡಿತರಿಗೆ ಬಿಡೋಣ. ನನಗೆ ಗೊತ್ತಿರುವ ಒಂದು ಉದಾಹರಣೆ ಹೇಳುತ್ತೇನೆ.

2001ರಲ್ಲಿ ನಾವು ಡೊಂಬಿವಲಿಯ ಚಾಳಿನಲ್ಲಿದ್ದೆವು. ಅಲ್ಲಿಯ ಹೆಂಗಸರು ಸೇರಿ ಭಿಶಿ ಹಾಕಿದ್ದರು. ಮುಂಬಯಿ ಪುಣೆಯವರಿಗೆ ಭಿಶಿ ಗೊತ್ತು. ಊರಿನವರಿಗೆ ಚೀಟಿ ಅಂದರೆ ಅರ್ಥವಾದೀತು. ಹನ್ನೆರಡು ಮನೆ, ತಿಂಗಳಿಗೆ 500 ರೂಪಾಯಿ, ಒಟ್ಟು 6,000. ಪ್ರತಿ ತಿಂಗಳೂ ಚೀಟಿ ಎತ್ತಿ ಒಬ್ಬರಿಗೆ. ಬರಹ ಅಂದರೆ ನನ್ನವಳ ಹತ್ತಿರ ಇದ್ದ ಒಂದು ಇನ್ನೂರು ಪುಟದ ನೋಟ್‌ಬುಕ್ಕು. ಕನ್ನಡದವರು, ಮರಾಠಿಯವರು, ಒಂದು ಗುಜರಾತಿ ಮನೆ. ಆ ದುಡ್ಡಿನಲ್ಲಿ ಮಕ್ಕಳ ಫೀಸು ಆಯಿತು, ಮಿಕ್ಸರ್ ಬಂತು, ಒಬ್ಬರ ಮನೆಯಲ್ಲಿ ಆಪರೇಷನ್ನೂ ಆಯಿತು.

ಮೂರನೇ ತಿಂಗಳು ದುಡ್ಡು ಎತ್ತಿದ ಮನೆಯವರು ನಾಲ್ಕನೇ ತಿಂಗಳು ಹೇಳದೆ ಕೇಳದೆ ಮನೆ ಖಾಲಿ ಮಾಡಿದರು. ಇನ್ನೂ 4,500 ಬಾಕಿ. ಉಳಿದ ಹನ್ನೊಂದು ಮನೆಯವರು ಹೇಗೋ ಹಂಚಿಕೊಂಡು ಆ ಸುತ್ತು ಮುಗಿಸಿದರು. ಎರಡು ವರ್ಷದ ಮೇಲೆ ಒಂದು ಭಾನುವಾರ ಆ ಯಜಮಾನರು ಬಂದರು. 4,500 ರೂಪಾಯಿ ಎಣಿಸಿ ಕೊಟ್ಟರು, ಜೊತೆಗೆ ಒಂದು ಕಿಲೋ ಪೇಢೆ. ಮಿಲ್ಲಿನ ಕೆಲಸ ಹೋಗಿತ್ತಂತೆ, ಮುಖ ತೋರಿಸಲಾಗದೆ ಹೋದೆ ಅಂದರು. ಸುಳ್ಳು ಅನ್ನಿಸಲಿಲ್ಲ. ನನ್ನವಳು ನೋಟ್‌ಬುಕ್ ಹುಡುಕಿ ತೆಗೆದು ಅವರ ಹೆಸರಿನ ಮುಂದೆ ಟಿಕ್ ಹಾಕಿದಳು, ಹನ್ನೊಂದು ಮನೆಗೂ ಅವರವರ ಪಾಲು ತಲುಪಿಸಿದಳು. ಆದರೆ ಆ ಚಾಳಿನಲ್ಲಿ ಮತ್ತೆ ಭಿಶಿ ಆಗಲಿಲ್ಲ. ಯಾರೂ ಬೇಡ ಅನ್ನಲಿಲ್ಲ, ಯಾರೂ ಶುರುಮಾಡೋಣ ಅಂತಲೂ ಅನ್ನಲಿಲ್ಲ.

ಕಲ್ಲಿನ ಒಳಗಿನವರು ಕೊಪ್ಪರಿಗೆಯನ್ನು ಯಾಕೆ ವಾಪಸು ತೆಗೆದುಕೊಳ್ಳಲಿಲ್ಲ ಅಂತ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಅವರು ಕೊಟ್ಟದ್ದು ಬರೀ ತಾಮ್ರ ಅಲ್ಲವಲ್ಲ.

ಈ ಜನರ ಬಗ್ಗೆ ಅತಿ ವಿವರವಾಗಿ ಬರೆದವನು ಒಬ್ಬ ಪಾದ್ರಿ. ರಾಬರ್ಟ್ ಕರ್ಕ್ ಅಂತ, ಸ್ಕಾಟ್‌ಲೆಂಡಿನ ಆಬರ್ಫಾಯ್ಲ್ ಎಂಬ ಊರಿನವನು. ಗೇಲಿಕ್ ಭಾಷೆಯ ಬೈಬಲ್ಲಿನ ಕೆಲಸ ಮಾಡಿದ ವಿದ್ವಾಂಸ. 1691–92ರಲ್ಲಿ ಅವನು ಬರೆದಿಟ್ಟ ಪುಸ್ತಕ ಅಚ್ಚಾದದ್ದು 1815ರಲ್ಲಿ. ಅವನ ಪ್ರಕಾರ ಇವರು ಮನುಷ್ಯರಿಗೂ ದೇವದೂತರಿಗೂ ನಡುವಿನವರು. ಮೈ ಅಂದರೆ ಗಟ್ಟಿಯಾದ ಮೋಡದ ಹಾಗೆ, ಮುಸ್ಸಂಜೆಯಲ್ಲಿ ಚೆನ್ನಾಗಿ ಕಾಣುತ್ತದೆ. ನಮ್ಮ ಧಾನ್ಯದ ಸತ್ವ ಹೀರಿಕೊಂಡು ಹೊಟ್ಟು ಬಿಡುತ್ತಾರೆ. ಮತ್ತೆ ವರ್ಷದ ಪ್ರತಿ ತ್ರೈಮಾಸಿಕದ ಆರಂಭಕ್ಕೆ ಮನೆ ಬದಲಾಯಿಸುತ್ತಾರೆ! ವರ್ಷಕ್ಕೆ ನಾಲ್ಕು ಟ್ರಾನ್ಸ್‌ಫರ್. ನಮ್ಮ ಯೂನಿಯನ್ನಿನವರು ಇದ್ದರೆ ಬಿಡುತ್ತಿರಲಿಲ್ಲ. 1692ರಲ್ಲಿ ಕರ್ಕ್ ತೀರಿಕೊಂಡಾಗ ಊರಿನವರು ಅವನು ಸತ್ತಿಲ್ಲ, ಗುಟ್ಟು ಹೊರಹಾಕಿದ್ದಕ್ಕೆ ಅವರೇ ಒಯ್ದರು ಅಂದರು. ಆ ಗುಡ್ಡದ ತುದಿಯ ಪೈನ್ ಮರಕ್ಕೆ ಜನ ಈಗಲೂ ರಿಬ್ಬನ್ ಕಟ್ಟಿ ಬರುತ್ತಾರೆ, ನಮ್ಮಲ್ಲಿ ಹರಕೆಯ ಬಟ್ಟೆ ಕಟ್ಟುವ ಹಾಗೆ.

ಗುಟ್ಟು ಬಿಟ್ಟುಕೊಡಬಾರದು ಅನ್ನುವುದು ಇವರ ದೊಡ್ಡ ನಿಯಮ. ಸೂಲಗಿತ್ತಿಯ ಕಥೆ ಬ್ರಿಟನ್ನಿನ ಎಷ್ಟೋ ಊರುಗಳಲ್ಲಿದೆ. ಅಪರಾತ್ರಿ ಒಬ್ಬ ಬಂದು ಹೆರಿಗೆ ಮಾಡಿಸಲು ಕರೆದೊಯ್ಯುತ್ತಾನೆ. ಮಗುವಿನ ಕಣ್ಣಿಗೆ ಹಚ್ಚಲು ಒಂದು ಮುಲಾಮು ಕೊಡುತ್ತಾರೆ. ಹಚ್ಚುವಾಗ ಕೈ ತಾಗಿ ಅವಳ ಒಂದು ಕಣ್ಣಿಗೂ ಅದು ಅಂಟುತ್ತದೆ. ಕೂಲಿ ಸರಿಯಾಗಿ ಕೊಟ್ಟು ಕಳಿಸುತ್ತಾರೆ. ಕೆಲವು ದಿನದ ಮೇಲೆ ಸಂತೆಯಲ್ಲಿ ಅದೇ ಮನುಷ್ಯ ಯಾರಿಗೂ ಕಾಣದಂತೆ ಓಡಾಡುತ್ತಾ ಅಂಗಡಿಗಳ ಮಾಲು ಎತ್ತುತ್ತಿದ್ದಾನೆ. ಅವಳು ಹೋಗಿ ತಾಯಿ ಮಗು ಹೇಗಿದ್ದಾರೆ ಅಂತ ವಿಚಾರಿಸುತ್ತಾಳೆ. "ಯಾವ ಕಣ್ಣಿನಲ್ಲಿ ಕಾಣುತ್ತೇನೆ?" "ಇದರಲ್ಲಿ." ಅವಳಿಗೆ ಆ ಕಣ್ಣು ಹೋಯಿತು. ಫ್ರಾನ್ಸಿನ ರೋನ್ ನದಿಯ ಕಡೆ ಇಂಥದ್ದೇ ಕಥೆಯನ್ನು ಹದಿಮೂರನೇ ಶತಮಾನದ ಆರಂಭದಲ್ಲಿಯೇ ಗರ್ವೇಸ್ ಎಂಬವನು ಬರೆದಿಟ್ಟಿದ್ದಾನೆ. ಅಂದರೆ 800 ವರ್ಷದ ಹಳೆಯ ಸರಕು. ನೀತಿ ಏನು ಅಂತ ಕೇಳಬೇಡಿ. ಪಾಪ, ಅವಳು ಮಾಡಿದ್ದು ಯೋಗಕ್ಷೇಮ ಕೇಳಿದ್ದು.

ಷರತ್ತಿನ ಕಥೆಗಳಲ್ಲಿ ನನಗೆ ಅತಿ ಪ್ರಿಯವಾದದ್ದು ವೇಲ್ಸಿನದು. ಲಿನ್ ಅ ವಾನ್ ವಾಖ್ ಎಂಬ ಬೆಟ್ಟದ ಸರೋವರ. ದನ ಕಾಯುವ ಹುಡುಗ ನೀರಿನ ಮೇಲೆ ಕುಳಿತು ತಲೆ ಬಾಚುತ್ತಿದ್ದ ಹೆಣ್ಣನ್ನು ಕಂಡು ಕೈಯಲ್ಲಿದ್ದ ರೊಟ್ಟಿ ಚಾಚುತ್ತಾನೆ. ಗಟ್ಟಿ ಸುಟ್ಟದ್ದು, ಬೇಡ ಅನ್ನುತ್ತಾಳೆ. ಮಾರನೇ ದಿನ ಹಸಿ ಹಿಟ್ಟು ತರುತ್ತಾನೆ. ಅದೂ ಬೇಡ. ಮೂರನೇ ದಿನ ಅರೆಬೆಂದದ್ದು ಒಪ್ಪಿಗೆಯಾಗುತ್ತದೆ. ನೀರಿನಿಂದ ಅವಳ ಅಪ್ಪ ಎದ್ದು ಬಂದು ಮದುವೆಗೆ ಒಪ್ಪಿ, ಬಳುವಳಿಗೆ ಒಂದು ಲೆಕ್ಕ ಹೇಳುತ್ತಾನೆ. ಕುರಿ, ದನ, ಆಡು, ಕುದುರೆ ಒಂದೊಂದರಲ್ಲೂ ಒಂದೇ ಉಸಿರಿನಲ್ಲಿ ಎಷ್ಟು ಎಣಿಸುತ್ತಾಳೋ ಅಷ್ಟು ಅವಳದು. ಹುಡುಗಿ ಜಾಣೆ. ಒಂದರಿಂದ ನೂರಕ್ಕೆ ಎಣಿಸಲಿಲ್ಲ. ಒಂದು ಎರಡು ಮೂರು ನಾಲ್ಕು ಐದು, ಒಂದು ಎರಡು ಮೂರು ನಾಲ್ಕು ಐದು ಅಂತ ಉಸಿರು ಮುಗಿಯುವ ತನಕ ಐದೈದಾಗಿ ಹೊಡೆದಳು. ಎಣಿಸುವ ಮೆಷಿನ್ ಬರುವ ಮುಂಚೆ ಕ್ಯಾಶ್ ಕೌಂಟರಿನಲ್ಲಿ ಕೂತವರಿಗೆ ಈ ಹುಡುಗಿ ಯಾರೆಂದು ಗೊತ್ತಾಗುತ್ತದೆ.

ಒಂದು ಷರತ್ತು. ಕಾರಣವಿಲ್ಲದೆ ಮೂರು ಸಲ ಹೊಡೆದರೆ ಅವಳು ಹೊರಟುಹೋಗುತ್ತಾಳೆ. ಮೊದಲ ಸಲ, ಒಂದು ನಾಮಕರಣಕ್ಕೆ ಹೊರಡಲು ತಡಮಾಡಿದಳು ಅಂತ ಕೈಗವಸಿನಿಂದ ಮೆಲ್ಲಗೆ ತಟ್ಟಿದ, ಹೊರಡು ಅಂತ. ಎರಡನೆಯ ಸಲ ಒಂದು ಮದುವೆಯಲ್ಲಿ ಅವಳು ಅತ್ತಾಗ. ಮೂರನೆಯದು ಸಾವಿನ ಮನೆಯಲ್ಲಿ ಅವಳು ನಕ್ಕಾಗ, ಸುಮ್ಮನಿರು ಅಂತ ಮುಟ್ಟಿದ. ಮದುವೆಯಲ್ಲಿ ಇವರ ಕಷ್ಟ ಶುರುವಾಗುತ್ತದಲ್ಲ ಅಂತ ಅತ್ತೆ, ಸತ್ತವನ ಕಷ್ಟ ಮುಗಿಯಿತಲ್ಲ ಅಂತ ನಕ್ಕೆ ಅಂದಳು. ದನಗಳನ್ನೆಲ್ಲ ಹೆಸರು ಹಿಡಿದು ಕರೆದುಕೊಂಡು ಸರೋವರಕ್ಕೆ ಇಳಿದಳು. ಕಡಿದು ತೂಗುಹಾಕಿದ್ದ ಕರುವೂ ಎದ್ದು ಹಿಂದೆ ಹೋಯಿತಂತೆ. ಬಳುವಳಿ ಒಂದೂ ಬಿಡದೆ ವಾಪಸು, ಖಾತೆ ಪೂರ್ತಿ ಕ್ಲೋಸ್.

ನಮಗೆ ಶಂತನು–ಗಂಗೆ ನೆನಪಾಗುತ್ತಾರೆ, ಪುರೂರವ–ಊರ್ವಶಿಯೂ. ಆದರೆ ವೇಲ್ಸಿನವರ ಕಥೆಗೆ ಇನ್ನೊಂದು ಪುಟವಿದೆ. ಅವಳು ಮಕ್ಕಳಿಗಾಗಿ ಮತ್ತೆ ಬಂದು ಗಿಡಮೂಲಿಕೆ ವಿದ್ಯೆ ಕಲಿಸಿದಳು, ಆ ಮಕ್ಕಳೇ ಮಡ್‌ವಾಯ್ ಊರಿನ ವೈದ್ಯರು ಎಂದು ಕಥೆ. ಆ ವೈದ್ಯರು ಮಾತ್ರ ನಿಜವಾಗಿ ಇದ್ದವರು. ರಿವಾಲನ್ ಎಂಬ ವೈದ್ಯ ಹದಿಮೂರನೇ ಶತಮಾನದಲ್ಲಿ ಅಲ್ಲಿಯ ದೊರೆಯ ಆಶ್ರಯದಲ್ಲಿದ್ದ. ಅವರ ಮದ್ದುಗಳ ಪಟ್ಟಿ ಹದಿನಾಲ್ಕನೇ ಶತಮಾನದ ಕೊನೆಯ ಹೊತ್ತಿನ ಒಂದು ಪ್ರಸಿದ್ಧ ಹಸ್ತಪ್ರತಿಯಲ್ಲಿ ಉಳಿದುಬಂದಿದೆ.

ಇಲ್ಲಿಯ ತನಕ ಬರೆದದ್ದು ಜಮೆಯ ಬದಿ. ಖರ್ಚಿನ ಬದಿಯನ್ನು ಬಿಟ್ಟರೆ ಲೆಕ್ಕ ಸುಳ್ಳಾಗುತ್ತದೆ.

ಈ ನಂಬಿಕೆಯಲ್ಲಿ ಅದಲುಬದಲು ಅನ್ನುವುದೊಂದಿತ್ತು. ಅವರು ನಮ್ಮ ಮಗುವನ್ನೋ ಹೆಂಗಸನ್ನೋ ಒಯ್ದು, ಅದೇ ರೂಪದ ತಮ್ಮದೊಂದನ್ನು ಇಟ್ಟು ಹೋಗುತ್ತಾರೆ ಎಂಬ ನಂಬಿಕೆ. ಬೆಳವಣಿಗೆ ಕುಂಠಿತವಾದ ಮಗು, ಇದ್ದಕ್ಕಿದ್ದಂತೆ ಕೃಶವಾದ ಮಗು, ಮಾತು ಬಿಟ್ಟ ಹೆಂಗಸು, ಎಲ್ಲರಿಗೂ ಇದೇ ವಿವರಣೆ. ವಾಪಸು ಪಡೆಯುವ ದಾರಿ ಎಂದರೆ ಇಲ್ಲಿರುವುದಕ್ಕೆ ಹಿಂಸೆ ಕೊಡುವುದು, ಬೆಂಕಿ ತೋರಿಸುವುದು.

ಐರ್ಲೆಂಡಿನ ಟಿಪ್ಪರೆರಿ ಜಿಲ್ಲೆಯ ಬ್ಯಾಲಿವಾಡ್ಲಿಯಲ್ಲಿ ಬ್ರಿಜೆಟ್ ಕ್ಲಿಯರಿ ಎಂಬ ಇಪ್ಪತ್ತಾರು ವರ್ಷದವಳು ಇದ್ದಳು. ಬಟ್ಟೆ ಹೊಲಿಯುವವಳು, ಟೋಪಿ ಮಾಡುವವಳು. ಸ್ವಂತ ಸಿಂಗರ್ ಮೆಷಿನ್ ಇತ್ತು, ಕೋಳಿ ಸಾಕಿ ಮೊಟ್ಟೆ ಮಾರುತ್ತಿದ್ದಳು. ಅಂದರೆ ಕೈಯಲ್ಲಿ ತನ್ನದೇ ನಾಲ್ಕು ಕಾಸು ಇದ್ದವಳು. 1895ರ ಮಾರ್ಚಿಯಲ್ಲಿ ಮೊಟ್ಟೆ ಕೊಡಲು ಹೋಗಿ ಚಳಿ ಹಿಡಿದು ಮಲಗಿದಳು. ಗಂಡ ಮೈಕೆಲ್, ಪೀಪಾಯಿ ಮಾಡುವ ಕಸುಬಿನವನು, ಇವಳು ನನ್ನ ಹೆಂಡತಿಯಲ್ಲ ಅಂದ. ನನ್ನ ಹೆಂಡತಿ ಇವಳಿಗಿಂತ ಎತ್ತರ ಇದ್ದಳು ಅಂದ. ಅಪ್ಪ, ಚಿಕ್ಕಮ್ಮ, ಸೋದರ ಸಂಬಂಧಿಗಳು ಎಲ್ಲ ಸುತ್ತ ಇದ್ದರು. ಕಷಾಯ ಕುಡಿಸಿದರು, ಒಲೆಯ ಬೆಂಕಿಯ ಹತ್ತಿರ ಹಿಡಿದರು, ನೀನು ಯಾರು ಅಂತ ಮೂರು ಮೂರು ಸಲ ಕೇಳಿದರು. ಮಾರ್ಚ್ 15ರ ರಾತ್ರಿ ಅವಳನ್ನು ಗಂಡ ಸುಟ್ಟ. 22ರಂದು ಪೊಲೀಸರಿಗೆ ಹೂತಿದ್ದ ಶವ ಸಿಕ್ಕಿತು. ಆ ನಡುವೆ ಅವನು ಕಪ್ಪು ಹಿಡಿಯ ಚಾಕು ಹಿಡಿದುಕೊಂಡು ರಾತ್ರಿ ಹತ್ತಿರದ ಹಳೇ ದಿಬ್ಬದ ಬಳಿ ಕಾದಿದ್ದ, 'ನಿಜವಾದ' ಬ್ರಿಜೆಟ್ ಬಿಳಿ ಕುದುರೆ ಏರಿ ಬರುತ್ತಾಳೆ ಅಂತ. ಅವನಿಗೆ 20 ವರ್ಷದ ಶಿಕ್ಷೆಯಾಯಿತು. 1910ರಲ್ಲಿ ಬಿಡುಗಡೆಯಾಗಿ ಕೆನಡಾ ಕಡೆಗೆ ಹೋದ.

ಈ ಹೆಂಗಸಿನ ಕಥೆ ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಅವಳು ತನ್ನ ಹೆಸರನ್ನು ಹೇಳಿದ್ದಳು. ಅದನ್ನು ಅವರು ನಂಬಲಿಲ್ಲ. ದೂರದ ಮಾತು ಅಂತ ತಳ್ಳುವಂತೆಯೂ ಇಲ್ಲ. ಮೈಮೇಲೆ ಬಂದಿದೆ ಅಂತ ಹೊಡೆಯುವುದು, ಬರೆ ಹಾಕುವುದು ನಮ್ಮಲ್ಲಿಯೂ ಇದ್ದದ್ದಕ್ಕೇ ಮಹಾರಾಷ್ಟ್ರ 2013ರಲ್ಲಿ, ಕರ್ನಾಟಕ 2017ರಲ್ಲಿ ಕಾಯ್ದೆ ಮಾಡಬೇಕಾಯಿತು.

ಅದೇ ಐರ್ಲೆಂಡಿನಲ್ಲಿ ಅದೇ ನಂಬಿಕೆ ಇನ್ನೊಂದು ಕೆಲಸವನ್ನೂ ಮಾಡಿದೆ. ಸಾವಿರ ವರ್ಷಕ್ಕಿಂತ ಹಳೆಯ ಮಣ್ಣಿನ ಕೋಟೆಯ ಉಂಗುರಗಳು ಅಲ್ಲಿಯ ಹೊಲಗಳಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಇವೆ. ರೈತರು ಅವನ್ನು ಉಳದೆ ಬಿಟ್ಟಿದ್ದಕ್ಕೆ 'ಅವರ' ಭಯವೇ ದೊಡ್ಡ ಕಾರಣ. 1999ರಲ್ಲಿ ಕ್ಲೇರ್ ಜಿಲ್ಲೆಯ ಲಟೂನ್ ಎಂಬಲ್ಲಿ ಹೆದ್ದಾರಿಗೆ ಒಂದು ಹಾಥಾರ್ನ್ ಮುಳ್ಳುಗಿಡ ಅಡ್ಡ ಬಂತು. ಅದು ಮನ್‌ಸ್ಟರ್ ಪ್ರಾಂತದ ಫೇರಿಗಳು ಕೊನಾಟಿನವರ ಮೇಲೆ ಯುದ್ಧಕ್ಕೆ ಹೋಗುವಾಗ ಸೇರುವ ಜಾಗ, ಕಡಿಯಬೇಡಿ ಅಂತ ಎಡ್ಡೀ ಲೆನಿಹನ್ ಎಂಬ ಕಥೆಗಾರ ಪತ್ರಿಕೆಗೆ ಬರೆದ. ಜಗತ್ತಿನ ಪತ್ರಿಕೆಗಳೆಲ್ಲ ನಕ್ಕವು. ಆದರೂ ರಸ್ತೆ ಬಂತು, ಗಿಡವೂ ಉಳಿಯಿತು, ಸುತ್ತ ಬೇಲಿಯೂ ಬಂತು. 2002ರಲ್ಲಿ ಯಾರೋ ರಾತ್ರಿ ಬಂದು ಗರಗಸದಿಂದ ಕೊಂಬೆಗಳನ್ನೆಲ್ಲ ಕತ್ತರಿಸಿ ಹೋದರು. ಗಿಡ ಮತ್ತೆ ಚಿಗುರಿತು.

ಒಂದೇ ನಂಬಿಕೆ ಗಿಡವನ್ನು ಉಳಿಸಿತು, ಹೆಣ್ಣನ್ನು ಸುಟ್ಟಿತು. ಇದನ್ನು ಕೂಡಿಸಿ ಕಳೆದು ಒಂದು ಉತ್ತರ ಬರೆಯಲು ನನ್ನಿಂದ ಆಗುವುದಿಲ್ಲ. ಒಂದು ಮಾತು ಮಾತ್ರ ಹೇಳಬಲ್ಲೆ. 'ಅವರು' ಗುಡ್ಡದ ಒಳಗೆ, ನಾವು ಹೊರಗೆ ಅಂತ ಇದ್ದಷ್ಟು ದಿನ, ಆ ಭಯದಿಂದ ಮನುಷ್ಯ ಕೊಟ್ಟ ಮಾತಿಗೆ ನಡೆದುಕೊಂಡ, ಮಣ್ಣಿನ ದಿಬ್ಬಕ್ಕೂ ಮರ್ಯಾದೆ ಕೊಟ್ಟ. ಪಕ್ಕದಲ್ಲಿ ಮಲಗಿದವಳನ್ನೇ 'ಅವರು' ಅಂದ ದಿನ ಅವಳ ಯಾವ ಮಾತೂ ಕಿವಿಗೆ ಬೀಳಲಿಲ್ಲ.

ಕೊಪ್ಪರಿಗೆಯ ಶಿಕ್ಷೆಯೂ ನನಗೆ ಈಗ ಅಷ್ಟು ಸರಿ ಕಾಣುವುದಿಲ್ಲ. ಒಬ್ಬ ತಪ್ಪಿದ್ದಕ್ಕೆ ಊರಿಗೆಲ್ಲ ಬಾಗಿಲು ಮುಚ್ಚುವುದು ಫೇರಿಗಳ ನ್ಯಾಯ ಇರಬಹುದು, ಮನುಷ್ಯರದು ಆಗಬಾರದು. ಈಗ ಸಾಲಕ್ಕೆ ಕ್ರೆಡಿಟ್ ಸ್ಕೋರ್ ನೋಡುತ್ತೇವೆ, 300ರಿಂದ 900ರ ತನಕ ಒಂದು ಅಂಕಿ. ಅದಕ್ಕೆ ಮುಖವೂ ಇಲ್ಲ ದನಿಯೂ ಇಲ್ಲ ಅಂತ ಬೈಯುವವರುಂಟು. ಆದರೆ ತಪ್ಪಿದವನ ಅಂಕಿ ಮಾತ್ರ ಇಳಿಯುತ್ತದೆ, ಅವನ ಬೀದಿಯವರದು ಇಳಿಯುವುದಿಲ್ಲ. ಅದಕ್ಕೂ ಮುಂಚೆ ನಾನು ಕೆಲಸ ಮಾಡಿದ ಒಂದು ಕಡೆ, ಒಂದು ಗಲ್ಲಿಯ ಇಬ್ಬರು ಸಾಲ ಕಟ್ಟದೆ ಹೋದರು ಅಂತ ಮೇಲಿನವರು ಬಾಯಿಮಾತಿನಲ್ಲೇ ಹೇಳಿಬಿಟ್ಟಿದ್ದರು, ಆ ಗಲ್ಲಿಯ ಅರ್ಜಿ ತೆಗೆದುಕೊಳ್ಳಬೇಡಿ ಅಂತ. ಎಲ್ಲೂ ಬರಹ ಇಲ್ಲ. ಹೊಲಿಗೆ ಮೆಷಿನ್ ಕೊಳ್ಳಲು ಸಾಲ ಕೇಳಿ ಬಂದ ಒಬ್ಬ ಹೆಂಗಸು ಮೂರು ಸಲ ಅರ್ಜಿ ಹಿಡಿದು ಬಂದಳು, ಮೂರು ಸಲವೂ ವಾಪಸು ಹೋದಳು. ನಾನು ಅವಳ ಪರವಾಗಿ ಬರೆದ ಶಿಫಾರಸು ಮೇಲೆ ಹೋಗಿ ಅಲ್ಲೇ ಉಳಿಯಿತು. ಅವಳು ಮಾತು ತಪ್ಪಿದವಳಲ್ಲ. ಮಾತು ಕೊಡಲೂ ಅವಳಿಗೆ ಅವಕಾಶ ಸಿಗಲಿಲ್ಲ. ಬ್ರಿಜೆಟ್ಟಿನ ಸಿಂಗರ್ ಮೆಷಿನ್ನಿನ ವಿಷಯ ಓದಿದಾಗ ನನಗೆ ಮೊದಲು ನೆನಪಾದವಳು ಇವಳೇ.

ಐರ್ಲೆಂಡಿನವರು 1937ರಿಂದ 39ರ ತನಕ ಒಂದು ಒಳ್ಳೆಯ ಕೆಲಸ ಮಾಡಿದರು. ಸುಮಾರು 5,000 ಪ್ರಾಥಮಿಕ ಶಾಲೆಗಳ ಮಕ್ಕಳಿಗೆ, ಮನೆಯ ಹಿರಿಯರನ್ನು ಕೇಳಿ ಊರಿನ ಕಥೆ ಬರೆದು ತನ್ನಿ ಅಂದರು. ಐವತ್ತು ಸಾವಿರ ಮಕ್ಕಳು ಬರೆದರು. ಇವತ್ತು ಅದೆಲ್ಲ ಮಕ್ಕಳ ಕೈಬರಹದಲ್ಲೇ ಇಂಟರ್‌ನೆಟ್ಟಿನಲ್ಲಿ ಓದಲು ಸಿಗುತ್ತದೆ. ನಮ್ಮಜ್ಜಿಯ ಹೊಂಡದ ಕಥೆಯನ್ನು ಬರೆದಿಟ್ಟವರಿಲ್ಲ. ಹೊಂಡವೂ ಈಗ ಹೂಳು ತುಂಬಿ ಅರ್ಧ ಮುಚ್ಚಿದೆ.

ನಿಮ್ಮ ಊರಿನಲ್ಲಿಯೂ ಇಂಥ ಒಂದು ಕೆರೆಯೋ ಕಲ್ಲೋ ಇದ್ದೇ ಇರುತ್ತದೆ. ಮನೆಯಲ್ಲಿ ಎಂಬತ್ತು ದಾಟಿದವರಿದ್ದರೆ ಈ ಭಾನುವಾರವೇ ಫೋನ್ ಮಾಡಿ ಕೇಳಿ. ಏನೇನು ಕೊಡುತ್ತಿತ್ತು, ಎಷ್ಟು ದಿನಕ್ಕೆ ವಾಪಸು ಕೊಡಬೇಕಿತ್ತು, ಕೊನೆಗೆ ಯಾವ ಪಾತ್ರೆಯಿಂದ ನಿಂತುಹೋಯಿತು, ಬರೆದಿಟ್ಟುಕೊಳ್ಳಿ. ಇಟ್ಟುಕೊಂಡವರ ಹೆಸರು ಮಾತ್ರ ಕೇಳಬೇಡಿ. ಅವರ ಮೊಮ್ಮಕ್ಕಳು ಊರಿನಲ್ಲೇ ಇರುತ್ತಾರೆ.